224ನೇ ನಂಬರಿನ ಊರು ಮತ್ತು ನನ್ನ ಒಂದು ಓಟು

ಕರ್ನಾಟಕದ ವಿಧಾನಸಭಾ ಕ್ಷೇತ್ರಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು ಬೆರಳಲ್ಲಿ ತಳ್ಳುತ್ತಾ ಹೋಗಿ. 1 ಅಂದರೆ ನಿಪ್ಪಾಣಿ. ಬೆಳಗಾವಿ, ಬಾಗಲಕೋಟೆ, ಬೀದರ್, ಕರಾವಳಿ, ಬೆಂಗಳೂರು, ಮೈಸೂರು ಎಲ್ಲಾ ಮುಗಿದ ಮೇಲೆ 221 ಹನೂರು, 222 ಕೊಳ್ಳೇಗಾಲ, 223 ಚಾಮರಾಜನಗರ ಬರುತ್ತವೆ. ಇನ್ನು ತಳ್ಳೋಕೆ ಜಾಗವೇ ಇಲ್ಲ ಅನ್ನುವಲ್ಲಿ 224, ಗುಂಡ್ಲುಪೇಟೆ. ಅದು ನಮ್ಮ ಕ್ಷೇತ್ರ. ಅಲ್ಲಿಂದ ಮುಂದೆ ಬಂಡೀಪುರದ ಕಾಡು. ಕಾಡು ದಾಟಿದರೆ ಒಂದು ಕಡೆ ಕೇರಳದ ವಯನಾಡು, ಇನ್ನೊಂದು ಕಡೆ ತಮಿಳುನಾಡಿನ ನೀಲಗಿರಿ.

ನಾನು ಹುಟ್ಟಿದ್ದು ತೆರಕಣಾಂಬಿ ಹತ್ತಿರದ ಒಂದು ಹಳ್ಳಿಯಲ್ಲಿ. ಕೆಲಸ ಬೆಂಗಳೂರಿನಲ್ಲಿ, ಬಾಡಿಗೆ ಮನೆ ಕೆಂಗೇರಿಯಲ್ಲಿ, ಅತ್ತೆಯವರ ಊರು ಮಳವಳ್ಳಿ ಕಡೆ. ಓಟು ಮಾತ್ರ ಈಗಲೂ 224ರಲ್ಲೇ ಇದೆ. ಮದುವೆಯಾಗಿ ಮೂರು ವರ್ಷ ಆಯಿತು. ಈ ಮೂರು ವರ್ಷದಲ್ಲಿ ನಮ್ಮ ಮನೆಗಳಲ್ಲಿ ಚಿನ್ನ, ಸೀಟು, ಸೈಟು ಯಾವುದರ ಬಗ್ಗೆಯೂ ಆಗದಷ್ಟು ಚರ್ಚೆ ಈ ಒಂದು ಓಟಿನ ಬಗ್ಗೆ ಆಗಿದೆ. ಅತ್ತೆ "ಇಲ್ಲಿಗೆ ತಂದ್ಬಿಡಮ್ಮ, ಮನೆ ಸೊಸೆ ಓಟು ಮನೇಲಿರ್ಲಿ" ಅಂತಾರೆ. ಗಂಡ ತನ್ನ ಓಟನ್ನು ಎರಡು ವರ್ಷದ ಹಿಂದೆಯೇ ಕೆಂಗೇರಿಗೆ ಬದಲಾಯಿಸಿಕೊಂಡು, "ಫೋನಲ್ಲಿ ಹತ್ತು ನಿಮಿಷದ ಕೆಲಸ, ಮುಗಿಸು" ಅಂತಾನೆ. ಅಪ್ಪ ಏನೂ ಹೇಳೋದಿಲ್ಲ. ಹೇಳದೆ ಇರೋದೇ ಅಪ್ಪನ ಅಭಿಪ್ರಾಯ.

ಹಳ್ಳಿಯಲ್ಲಿ ಓಟು ಅಂದರೆ ಒಬ್ಬರ ಹಕ್ಕು ಅನ್ನುವುದಕ್ಕಿಂತ ಮನೆಯ ಲೆಕ್ಕ. ಚುನಾವಣೆ ಹತ್ತಿರ ಬಂದಾಗ ಜಗಲಿ ಮೇಲೆ ಬಂದು ಕೂರುವವರು ಮೊದಲು ಕೇಳುವ ಪ್ರಶ್ನೆ "ನಿಮ್ಮನೇಲಿ ಎಷ್ಟು ಓಟು?" ನಮ್ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ತಮ್ಮ, ನಾನು, ಒಟ್ಟು ಐದು. ತಮ್ಮ ಮೈಸೂರಿನಲ್ಲಿದ್ದಾನೆ. ನಾವಿಬ್ಬರೂ ತೆಗೆದುಕೊಂಡು ಹೋದರೆ ಮೂರು. ಐದು ಓಟಿನ ಮನೆಗೂ ಮೂರು ಓಟಿನ ಮನೆಗೂ ವ್ಯತ್ಯಾಸ ಇದೆಯಾ ಅಂತ ನಗರದವರು ಕೇಳಬಹುದು. ಇದೆ. ನಮ್ಮ ಜಮೀನಿನ ಹತ್ತಿರದ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋದಾಗ ಚೆಂಡು ಹೂವಿನ ಗಿಡ ಮೊಗ್ಗಿನಲ್ಲಿತ್ತು. ಹನ್ನೊಂದು ದಿನ ಅಪ್ಪ ಅಲೆದರು. ಹನ್ನೆರಡನೇ ದಿನ ಬೆಳಗ್ಗೆ ಏಳಕ್ಕೆ ಎಮ್ಮೆಲ್ಲೆ ಮನೆ ಮುಂದೆ ನಿಂತರು, ಜೊತೆಗೆ ಅಕ್ಕಪಕ್ಕದ ಜಮೀನಿನವರು ಏಳೆಂಟು ಜನ. ಸಂಜೆಗೆ ಹೊಸದು ಬಂತು. ಅದು ಯಾವ ಎಮ್ಮೆಲ್ಲೆ ಕಾಲದಲ್ಲಿ ಅಂತ ಹೇಳೋದಿಲ್ಲ. ಯಾರ ಕಾಲದಲ್ಲೂ ಆಗುವುದು ಹೀಗೇ.

ಹೀಗಾಗಬಾರದು ಅಂತ ನನಗೂ ಗೊತ್ತು. ಟ್ರಾನ್ಸ್‌ಫಾರ್ಮರ್ ಬದಲಿಸೋಕೆ ಶಾಸಕರ ಮನೆಗೆ ಹೋಗಬೇಕಾದದ್ದು ವ್ಯವಸ್ಥೆಯ ಸೋಲು ಅಂತ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಚೆನ್ನಾಗಿ ಮಾತಾಡಬಹುದು. ಆದರೆ ಕಾಗದದ ಮೇಲೂ ತಾಲ್ಲೂಕಿನಲ್ಲಿ ಶಾಸಕರ ಕೈ ಉದ್ದವೇ. ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡು ಬಂದವರ ಬಗರ್ ಹುಕುಂ ಅರ್ಜಿ ನೋಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕಿನ ಎಲ್ಲಾ ಇಲಾಖೆಯ ಅಧಿಕಾರಿಗಳನ್ನು ಕೂರಿಸಿ ಲೆಕ್ಕ ಕೇಳುವ ಕೆಡಿಪಿ ಸಭೆಗೂ ಅವರೇ. ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಅಭಿವೃದ್ಧಿ ನಿಧಿ ಯಾವ ಊರಿನ ಯಾವ ರಸ್ತೆಗೆ, ಯಾವ ಸಮುದಾಯ ಭವನಕ್ಕೆ ಅಂತ ಹೇಳುವವರೂ ಅವರೇ. ಕೆಂಗೇರಿಯಲ್ಲಿ ನನಗೆ ಶಾಸಕರಿಂದ ಬೇಕಾದದ್ದು ಹೆಚ್ಚೆಂದರೆ ಒಂದು ಚರಂಡಿ. ಅಪ್ಪನಿಗೆ ನೀರು, ಕರೆಂಟು, ಜಮೀನಿನ ದಾಖಲೆ, ಆನೆ ಬಾರದಂತೆ ಬೇಲಿ, ಎಲ್ಲಾ ಬೇಕು.

ಕೈಬೆರಳಲ್ಲಿ ಎಣಿಸುವಷ್ಟು ಹೆಸರು

ನಮ್ಮ ಕ್ಷೇತ್ರದ ಶಾಸಕರ ಪಟ್ಟಿ ತುಂಬಾ ಚಿಕ್ಕದು. ಬೇರೆ ಕಡೆ ಐದು ವರ್ಷಕ್ಕೊಮ್ಮೆ ಬದಲಾಯಿಸುವ ಚಟ ಇರುತ್ತದೆ. ನಮ್ಮವರು ಒಮ್ಮೆ ಒಪ್ಪಿದರೆ ದಶಕಗಟ್ಟಲೆ ಬಿಡುವುದಿಲ್ಲ.

ಅಜ್ಜಿ ಮೊದಲ ಸಲ ಓಟು ಹಾಕಿದ್ದು 1962ರಲ್ಲಿ. ಹಾಕಿದ್ದು ಕೆ.ಎಸ್. ನಾಗರತ್ನಮ್ಮ ಅವರಿಗೆ. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಮೊದಲು ಗೆದ್ದದ್ದು 1957ರಲ್ಲಿ, ಅದೂ ಸ್ವತಂತ್ರ ಅಭ್ಯರ್ಥಿಯಾಗಿ. ಆಮೇಲೆ 1962, 1967, 1972. ಮಧ್ಯೆ 1978ರಲ್ಲಿ ಒಂದು ಸಲ ಕೈ ತಪ್ಪಿತು. ಮತ್ತೆ 1983, 1985, 1989. ಒಟ್ಟು ಏಳು ಸಲ. 1972ರಿಂದ 1978ರವರೆಗೆ ಅವರು ವಿಧಾನಸಭೆಯ ಸಭಾಧ್ಯಕ್ಷರು. ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷರು ಅವರೇ, ಈವರೆಗೆ ಕೊನೆಯವರೂ ಅವರೇ. ಆ ಕುರ್ಚಿಯಲ್ಲಿ ಇನ್ನೊಬ್ಬ ಹೆಂಗಸು ಕೂತಿಲ್ಲ. ಮುಂದೆ ವಿರೋಧ ಪಕ್ಷದ ನಾಯಕಿಯೂ ಆದರು, ಅದರಲ್ಲೂ ಅವರೇ ಮೊದಲು.

ಆ ಆರು ವರ್ಷ ಎಂಥವು ಅಂತ ನೋಡಿ. ಮೈಸೂರು ರಾಜ್ಯ ಅನ್ನುವ ಹೆಸರು ಹೋಗಿ 1973ರ ನವೆಂಬರ್ 1ರಂದು ಕರ್ನಾಟಕ ಅಂತ ಆಯಿತು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರ ಪಾಲಿಗೆ ಅದಕ್ಕಿಂತ ದೊಡ್ಡ ಕಾಯ್ದೆ ಈ ರಾಜ್ಯದಲ್ಲಿ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಇಂಥ ಹೊತ್ತಿನಲ್ಲಿ ಇಡೀ ಸದನವನ್ನು "ಕೂತ್ಕೊಳ್ಳಿ, ನಿಮ್ಮ ಸರದಿ ಬಂದಾಗ ಮಾತಾಡಿ" ಅನ್ನುವ ಅಧಿಕಾರ ಗುಂಡ್ಲುಪೇಟೆಯ ಒಬ್ಬ ಹೆಂಗಸಿನ ಕೈಯಲ್ಲಿತ್ತು. ನಮ್ಮ ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಒಂದು ಸಾಲಿನ ಉತ್ತರವಾಗಿ ಬಾಯಿಪಾಠ ಮಾಡಿದ್ದೆವು ಅಷ್ಟೇ.

ಅಜ್ಜಿಗೆ ಈ ಸಭಾಧ್ಯಕ್ಷರ ಕುರ್ಚಿ ವಿಷಯ ಅಷ್ಟು ಮುಖ್ಯವಲ್ಲ. ಅವರ ನೆನಪು ಬೇರೆ. "ನಾಗರತ್ನಮ್ಮೋರು ಕಾರಿಳುದ್ರೆ ಗಂಡಸ್ರು ಹಿಂದಕ್ಕೆ ಸರ್ಕೊಳೋರು ಕನ ಕೂಸು. ನಾವು ಹೆಂಗಸ್ರು ಮುಂದುಕ್ಕೋಗಿ ಮಾತಾಡ್ತಿದ್ದೋ. ಅದಕ್ ಮುಂಚ ಯಾರ್ ಕೇಳೋರು ನಮ್ಮ?" ಅಂತಾರೆ. ಪ್ರಾತಿನಿಧ್ಯ ಅನ್ನುವ ದಪ್ಪ ಪದಕ್ಕೆ ನನಗೆ ಗೊತ್ತಿರುವ ಅರ್ಥ ಇದೇ.

1994ರಿಂದ ಎಚ್.ಎಸ್. ಮಹದೇವಪ್ರಸಾದ್ ಅವರ ಕಾಲ. 1994, 1999, 2004, 2008, 2013, ಸತತ ಐದು ಗೆಲುವು. ಮೊದಲು ಜನತಾದಳ, ಆಮೇಲೆ ಜೆಡಿಎಸ್, 2008ರಿಂದ ಕಾಂಗ್ರೆಸ್. ಪಕ್ಷದ ಗುರುತು ಬದಲಾಯಿತು, ಆಳು ಅವರೇ. ನಾನು ಹುಟ್ಟಿದ ಮೇಲೆ ಕಾಲೇಜು ಮುಗಿಸುವವರೆಗೂ ನನಗೆ ಬೇರೆ ಎಮ್ಮೆಲ್ಲೆ ಗೊತ್ತೇ ಇರಲಿಲ್ಲ. ಎಮ್ಮೆಲ್ಲೆ ಅಂದರೆ ಅವರ ಇನ್ನೊಂದು ಹೆಸರು ಅಂದುಕೊಂಡಿದ್ದ ಕಾಲವೂ ಇತ್ತು. ಸಹಕಾರ ಸಚಿವರಾಗಿದ್ದಾಗಲೇ 2017ರ ಜನವರಿ 3ರಂದು ಕೊಪ್ಪದಲ್ಲಿ ತೀರಿಕೊಂಡರು.

ಆಗ ಬಂದದ್ದು ಉಪಚುನಾವಣೆ. 2017ರ ಏಪ್ರಿಲ್ 9, ಭಾನುವಾರ. ಪಕ್ಕದ ನಂಜನಗೂಡಿನಲ್ಲೂ ಅವತ್ತೇ ಮತದಾನ. 224ನೇ ನಂಬರಿಗೆ ಇಡೀ ರಾಜ್ಯ ತಿರುಗಿ ನೋಡಿದ ದಿನಗಳು ಅವು. ಮುಖ್ಯಮಂತ್ರಿ ಸಿದ್ದರಾಮಯ್ಯ, ಈ ಕಡೆ ಯಡಿಯೂರಪ್ಪ, ಎರಡೂ ಕಡೆಯ ದಂಡು ಊರೂರು ಸುತ್ತಿತು. ಯಾವತ್ತೂ ಕಾರು ಕಾಣದ ನಮ್ಮ ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲ ಧೂಳೆದ್ದಿತು. ಬಿಸಿಲು ಅಂದರೆ ಬಿಸಿಲು. ಆದರೂ ನೂರಕ್ಕೆ 87ರಷ್ಟು ಜನ ಓಟು ಹಾಕಿದರು. ಮಹದೇವಪ್ರಸಾದ್ ಅವರ ಪತ್ನಿ, ಕಾಂಗ್ರೆಸ್ಸಿನ ಗೀತಾ ಮಹದೇವಪ್ರಸಾದ್, ಬಿಜೆಪಿಯ ಸಿ.ಎಸ್. ನಿರಂಜನಕುಮಾರ್ ಅವರನ್ನು 10,877 ಓಟಿನಿಂದ ಸೋಲಿಸಿದರು. ಅದೇ ವರ್ಷ ಸಚಿವೆಯಾದರು.

ಮರುವರ್ಷವೇ 2018ರಲ್ಲಿ ಲೆಕ್ಕ ತಿರುಗಿತು. ನಿರಂಜನಕುಮಾರ್ 16 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. 2023ರಲ್ಲಿ ಮತ್ತೆ ತಿರುಗಿತು. ಮಹದೇವಪ್ರಸಾದ್ ಅವರ ಮಗ ಎಚ್.ಎಂ. ಗಣೇಶ್ ಪ್ರಸಾದ್ 36 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅಪ್ಪ, ಅವ್ವ, ಮಗ. ಇದನ್ನು ವಂಶಾಡಳಿತ ಅಂತ ಬೆಂಗಳೂರಿನ ಗೆಳೆಯರು ಮೂಗು ಮುರಿಯುತ್ತಾರೆ. ನನಗೂ ಕಿರಿಕಿರಿ ಇದೆ. ಆದರೆ ಮಧ್ಯೆ 2018ರಲ್ಲಿ ಅದೇ ಮನೆಯನ್ನು ಸೋಲಿಸಿದ್ದೂ ಇದೇ ಜನ ಅಲ್ವಾ? ಕಣ್ಣು ಮುಚ್ಚಿಕೊಂಡು ಒತ್ತುವವರಾಗಿದ್ದರೆ ಒಂದೇ ವರ್ಷದಲ್ಲಿ ಹಾಗೆ ಮನಸ್ಸು ಬದಲಿಸುತ್ತಿರಲಿಲ್ಲ.

2023ರ ಮೇ 10ಕ್ಕೆ ನಾನು ಊರಿಗೆ ಹೋಗಿದ್ದೆ. ಬುಧವಾರ, ವಾರದ ನಡುವೆ. ಹಿಂದಿನ ರಾತ್ರಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಬೇಗೂರಿನ ಕಡೆಯವರು, ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಒಂದು ದಿನದ ಸಂಬಳ, ಹೋಗಿ ಬರುವ ಚಾರ್ಜು ಎರಡನ್ನೂ ಕೂಡಿಸಿ ಹೇಳಿದರು, ಆಮೇಲೆ "ಹೋಗ್ದಿದ್ರೆ ನಮ್ಮಪ್ಪ ಮುನಿಸ್ಕತಾರೆ" ಅಂತ ನಕ್ಕರು. ಆ ಸಲ ಮೊದಲ ಬಾರಿಗೆ ಕರ್ನಾಟಕದಲ್ಲಿ 80 ದಾಟಿದವರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶ ಕೊಟ್ಟಿದ್ದರು. ಅಜ್ಜಿಗೂ ಕೇಳಿದ್ದರಂತೆ. ಅಜ್ಜಿ ಒಪ್ಪಲಿಲ್ಲ. "ಮನೇಲಿ ಹಾಕುದ್ರೆ ನಾ ಹಾಕ್ದೆ ಅಂತ ಯಾರಿಗ್ ಗೊತ್ತಾದದು?" ಇಸ್ತ್ರಿ ಮಾಡಿಸಿದ ಸೀರೆ ಉಟ್ಟು, ನನ್ನ ಕೈ ಹಿಡಿದು ಸ್ಕೂಲಿನವರೆಗೆ ನಡೆದೇ ಬಂದರು. ನಡುವೆ ಮೂರು ಕಡೆ ಕೂತರು.

ಒಂದು ಓಟು ಅಂದರೆ ಎಷ್ಟು

ನಮ್ಮ ಜಿಲ್ಲೆಯಲ್ಲಿ "ನನ್ನ ಒಂದು ಓಟಿಂದ ಏನಾಗುತ್ತೆ" ಅನ್ನುವ ಮಾತು ನಡೆಯುವುದಿಲ್ಲ. ಆಡಿದರೆ ಪಕ್ಕದಲ್ಲಿದ್ದವರು ತಕ್ಷಣ ಸಂತೇಮರಹಳ್ಳಿ ಕಥೆ ತೆಗೆಯುತ್ತಾರೆ.

2004ರ ವಿಧಾನಸಭಾ ಚುನಾವಣೆ. ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಮತ್ತೊಮ್ಮೆ ಓದಿ ಬೇಕಾದರೆ. ಒಂದೇ ಒಂದು ಓಟು. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್ ಅವತ್ತು ಓಡಾಟದ ಗಡಿಬಿಡಿಯಲ್ಲಿ ಓಟು ಹಾಕಲೇ ಇಲ್ಲ ಅನ್ನುವ ಮಾತು ಊರೂರಲ್ಲಿ ಇದೆ. ಗೆದ್ದ ಧ್ರುವನಾರಾಯಣ ಮುಂದೆ ಎರಡು ಸಲ ಸಂಸದರಾದರು, 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಓಟಿನಿಂದ ಸೋತರು, 2023ರ ಮಾರ್ಚ್‌ನಲ್ಲಿ ಚುನಾವಣೆ ಹೊಸ್ತಿಲಲ್ಲೇ ತೀರಿಕೊಂಡರು. ಸೋತ ಕೃಷ್ಣಮೂರ್ತಿ 2023ರಲ್ಲಿ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ನಿಂತು 59 ಸಾವಿರಕ್ಕೂ ಹೆಚ್ಚು ಓಟಿನ ಅಂತರದಲ್ಲಿ ಗೆದ್ದರು. ಒಂದರಿಂದ ಅಷ್ಟಕ್ಕೆ ಹೋಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ಆದರೆ ಈ ಕಥೆಯಲ್ಲಿ ಯಾರೂ ಹೇಳದ ಒಂದು ಪಾತ್ರವಿದೆ. ಅದು ಸಂತೇಮರಹಳ್ಳಿ ಕ್ಷೇತ್ರವೇ. ಅದು ಈಗ ಇಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅಳಿಸಿ ಹೋಯಿತು. ಯಳಂದೂರು, ಸಂತೇಮರಹಳ್ಳಿ ಭಾಗ ಕೊಳ್ಳೇಗಾಲಕ್ಕೆ ಸೇರಿತು. ಜಿಲ್ಲೆಯಲ್ಲಿ ಐದಿದ್ದ ಶಾಸಕರ ಸ್ಥಾನ ನಾಲ್ಕಾಯಿತು. ದೇಶದಲ್ಲೇ ಆ ಹೊಸ ವಿಂಗಡಣೆಯ ಪ್ರಕಾರ ಮೊದಲು ಚುನಾವಣೆಗೆ ಹೋದ ರಾಜ್ಯ ನಮ್ಮದು.

ಯಾಕೆ ಹೋಯಿತು ಅಂದರೆ ರಾಜ್ಯದ ಜನಸಂಖ್ಯೆಯಲ್ಲಿ ನಮ್ಮ ಪಾಲು ಕಡಿಮೆಯಾಗಿ. ಜನ ಸತ್ತು ಅಲ್ಲ, ನನ್ನಂಥವರು ಬಸ್ಸು ಹತ್ತಿ. 2001ರಿಂದ 2011ರ ನಡುವೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಹೆಚ್ಚಿದ್ದು ನೂರಕ್ಕೆ 6ಕ್ಕೂ ಕಡಿಮೆ. ರಾಜ್ಯದಲ್ಲಿ ಅದು 15ರ ಮೇಲೆ, ಬೆಂಗಳೂರು ನಗರ ಜಿಲ್ಲೆಯಲ್ಲಿ 47. ಎಲ್ಲಿ ಕಡಿಮೆಯಾದರು, ಎಲ್ಲಿ ಹೆಚ್ಚಾದರು ಅಂತ ತಿಳಿಯಲು ದೊಡ್ಡ ಅಧ್ಯಯನ ಬೇಡ, ಭಾನುವಾರ ಸಂಜೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು.

ಈಗ ಸ್ವಲ್ಪ ಲೆಕ್ಕ. ಬೇಸರ ಬೇಡ, ಫೋನಿನ ಕ್ಯಾಲ್ಕುಲೇಟರ್ ಸಾಕು. ಕರ್ನಾಟಕದ ಸ್ಥಾನಗಳು 1978ರಿಂದ 224ಕ್ಕೇ ನಿಂತಿವೆ. ಒಂದು ಕಡೆ ಹೆಚ್ಚಾದರೆ ಇನ್ನೊಂದು ಕಡೆ ಕಡಿಮೆಯಾಗಲೇಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ಅಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ ಜನ. ಚಾಮರಾಜನಗರ ಜಿಲ್ಲೆಯಲ್ಲಿ 10.2 ಲಕ್ಷ ಜನ, ಶಾಸಕರು 4. ಭಾಗಿಸಿದರೆ ನಮಗೆ ಬರಬೇಕಾದದ್ದು ಮೂರೂಮುಕ್ಕಾಲು. ಬೆಂಗಳೂರು ನಗರ ಜಿಲ್ಲೆಯಲ್ಲಿ 96.2 ಲಕ್ಷ ಜನ, ಶಾಸಕರು 28. ಲೆಕ್ಕದ ಪ್ರಕಾರ ಅವರಿಗೆ 35 ಬರಬೇಕು. ಇದು 2011ರ ಲೆಕ್ಕ. ಆಮೇಲೆ ಬೆಂಗಳೂರು ಎಷ್ಟು ಬೆಳೆದಿದೆ ಅಂತ ನಿಮ್ಮ ಮನೆ ಬಾಡಿಗೆಯೇ ಹೇಳುತ್ತದೆ.

ಸಂವಿಧಾನದ 84ನೇ ತಿದ್ದುಪಡಿಯಂತೆ 2026ರ ನಂತರ ನಡೆಯುವ ಮೊದಲ ಜನಗಣತಿ ಬರುವವರೆಗೆ ಸ್ಥಾನಗಳ ಸಂಖ್ಯೆ ಮುಟ್ಟುವಂತಿಲ್ಲ. ಆ ಜನಗಣತಿಯ ಗಡಿ ದಿನಾಂಕ 2027ರ ಮಾರ್ಚ್ 1 ಅಂತ ಸರ್ಕಾರ ಪ್ರಕಟಿಸಿದೆ. ಎಣಿಸುವವರು ಬಂದಾಗ ನನ್ನನ್ನು ಎಣಿಸುವುದು ಕೆಂಗೇರಿಯಲ್ಲಿ, ತಮ್ಮನನ್ನು ಮೈಸೂರಿನಲ್ಲಿ. ತೆರಕಣಾಂಬಿ ಹತ್ತಿರದ ಮನೆಯಲ್ಲಿ ಮೂರು ತಲೆ. ಓಟು ಊರಲ್ಲಿಟ್ಟುಕೊಂಡು ನಾನು ಊರಿಗೆ ನಿಯತ್ತಾಗಿದ್ದೇನೆ ಅಂದುಕೊಂಡರೂ, ಸ್ಥಾನ ಹಂಚುವ ಹೊತ್ತಿಗೆ ಲೆಕ್ಕಕ್ಕೆ ಬರುವುದು ಓಟಲ್ಲ, ತಲೆ.

ಲೋಕಸಭೆಯ ವಿಷಯದಲ್ಲಿ ದಕ್ಷಿಣ ರಾಜ್ಯಗಳು ಉತ್ತರದ ಎದುರು ಇದೇ ಆತಂಕ ಹೇಳಿಕೊಳ್ಳುತ್ತಿವೆ. ಬೆಂಗಳೂರಿನ ಟಿವಿ ಸ್ಟುಡಿಯೋಗಳಲ್ಲಿ ಅದರ ಬಗ್ಗೆ ಬಿಸಿ ಬಿಸಿ ಚರ್ಚೆ ನಡೆಯುತ್ತದೆ. ಅದೇ ಮಾತನ್ನು ಚಾಮರಾಜನಗರ ಬೆಂಗಳೂರಿಗೆ ಹೇಳಿದರೆ ಕೇಳಿಸಿಕೊಳ್ಳುವವರು ಯಾರು ಅನ್ನುವುದು ನನ್ನ ಅನುಮಾನ.

ಬರಬೇಡಿ ಅಂದ ಊರು

ಹೇಳಿಕೊಳ್ಳುವವರು ಕಡಿಮೆಯಾದರೆ ಏನಾಗುತ್ತದೆ ಅನ್ನುವುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಗೆ ಕುರ್ಚಿ ಹೋಗುತ್ತದೆ ಅನ್ನುವ ಮೂಢನಂಬಿಕೆ ನೀವೂ ಕೇಳಿರುತ್ತೀರಿ. ನಿಮಗದು ತಮಾಷೆಯ ರೀಲ್ಸು. ನಮಗೆ ಹಾಗಲ್ಲ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆ ಆದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರಕ್ಕೇ ಬರಲಿಲ್ಲ. ಉದ್ಘಾಟನೆ ಆದದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಮಗುವಿನ ನಾಮಕರಣಕ್ಕೆ ಬಂದು ಮನೆಯೊಳಗೆ ಬರದೆ ಬೀದಿ ಕೊನೆಯಿಂದಲೇ ಹೆಸರು ಕೂಗಿ ಹೋದ ಹಾಗೆ. ಆಮೇಲೂ ಎಷ್ಟೋ ವರ್ಷ ಬಂದವರಿಲ್ಲ. 2007ರಲ್ಲಿ ಕುಮಾರಸ್ವಾಮಿ ಬಂದರು. 2013ರ ನಂತರ ಸಿದ್ದರಾಮಯ್ಯ ಹತ್ತಾರು ಸಲ ಬಂದು, ಐದು ವರ್ಷವನ್ನೂ ಪೂರ್ತಿ ಮುಗಿಸಿದರು. ಮೂಢನಂಬಿಕೆಗೆ ಅಲ್ಲಿಗೆ ಉತ್ತರ ಸಿಕ್ಕಂತಾಯಿತು. 2025ರ ಏಪ್ರಿಲ್ 24ರಂದು ಮಹದೇಶ್ವರ ಬೆಟ್ಟದಲ್ಲಿ ಇಡೀ ಸಚಿವ ಸಂಪುಟವೇ ಸಭೆ ಸೇರಿತು.

ಅದೇ ಬೆಟ್ಟದ ತಪ್ಪಲಿನ ಇಂಡಿಗನತ್ತದಲ್ಲಿ ಅದಕ್ಕೆ ಸುಮಾರು ಒಂದು ವರ್ಷ ಹಿಂದೆ ಬೇರೆಯದೇ ನಡೆದಿತ್ತು. 2024ರ ಏಪ್ರಿಲ್ 26, ಲೋಕಸಭೆ ಮತದಾನ. ರಸ್ತೆ, ನೀರು, ಕರೆಂಟು ಯಾವುದೂ ಸರಿಯಿಲ್ಲ ಅಂತ ಊರಿನವರು ಮತದಾನ ಬಹಿಷ್ಕರಿಸಿದರು. ಗಲಾಟೆಯಾಗಿ ಮತಯಂತ್ರವೇ ಪುಡಿಯಾಯಿತು. ಏಪ್ರಿಲ್ 29ಕ್ಕೆ ಮರುಮತದಾನ ಆಯಿತು. ಮತಯಂತ್ರ ಒಡೆಯುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿಯವರೆಗೆ ಆ ಊರಿನ ಹೆಸರು ರಾಜ್ಯದಲ್ಲಿ ಎಷ್ಟು ಜನ ಕೇಳಿದ್ದರು?

2021ರ ಮೇ 2ರ ರಾತ್ರಿಯ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಕೊಂಡರು. ಸಿಲಿಂಡರ್ ಬರಬೇಕಾಗಿದ್ದದ್ದು ಮೈಸೂರಿನಿಂದ. ಜಿಲ್ಲೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಉಸಿರಿಗೆ ಮೈಸೂರಿನ ಕಡೆ ನೋಡಿಕೊಂಡು ಕೂರುವ ಸ್ಥಿತಿ. ಆಗಿನ ಉಸ್ತುವಾರಿ ಸಚಿವರು ಬೆಂಗಳೂರಿನ ರಾಜಾಜಿನಗರದ ಶಾಸಕರು. ವ್ಯಕ್ತಿಯನ್ನು ದೂರುತ್ತಿಲ್ಲ. ಜಿಲ್ಲೆಯ ಉಸ್ತುವಾರಿ ಹೊರಗಿನವರ ಕೈಗೆ ಹೋಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ ಅಂತ ಹೇಳುತ್ತಿದ್ದೇನೆ.

ಸರಿ, ಓಟಿನ ವಿಷಯಕ್ಕೆ ಬರುತ್ತೇನೆ. ಕಾನೂನು ಏನು ಹೇಳುತ್ತದೆ ಅಂತ ಒಂದು ರಾತ್ರಿ ಕೂತು ಓದಿದೆ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರೋ ಅಲ್ಲಿ ಓಟು. ಊರಿನಲ್ಲಿ ಸ್ವಂತ ಮನೆ ಇದೆ ಅನ್ನುವುದೊಂದೇ ಕಾರಣ ಸಾಲದು. ಸ್ವಲ್ಪ ದಿನ ಹೊರಗಿದ್ದ ಮಾತ್ರಕ್ಕೆ ಊರಿನ ಓಟು ಹೋಗುವುದೂ ಇಲ್ಲ. ಎರಡು ಕ್ಷೇತ್ರದಲ್ಲಿ ಹೆಸರು ಇರುವಂತಿಲ್ಲ. ಅದೇ ಕಾಯ್ದೆಯಲ್ಲಿ ಒಂದು ಚೆಂದದ ರಿಯಾಯಿತಿ ಇದೆ. ಶಾಸಕರು, ಸಂಸದರು ತಮ್ಮ ಕೆಲಸಕ್ಕಾಗಿ ಎಷ್ಟೇ ಕಾಲ ಊರು ಬಿಟ್ಟಿದ್ದರೂ ಅವರ ಊರಿನ ಓಟು ಹೋಗುವುದಿಲ್ಲ. ನಮ್ಮನ್ನು ಪ್ರತಿನಿಧಿಸಲು ಬೆಂಗಳೂರಿಗೆ ಬಂದವರಿಗೆ ಈ ಸೌಲಭ್ಯ. ಪೀಣ್ಯದಲ್ಲಿ ಬಟ್ಟೆ ಹೊಲಿಯಲು ಬಂದವರಿಗೆ ಇಲ್ಲ.

ಹೊರ ಊರಿನಲ್ಲಿರುವವರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಕೊನೆಯಲ್ಲಿ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತದಾನ ಸಾಧ್ಯ ಅಂದಿತ್ತು. ರಾಜಕೀಯ ಪಕ್ಷಗಳು ಅನುಮಾನ ಎತ್ತಿದವು, ಅದು ಅಲ್ಲಿಗೇ ನಿಂತಿತು. ಅನುಮಾನಗಳಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಸ್ಸಿನ ಚಾರ್ಜು ಕೊಟ್ಟು ಓಟು ಹಾಕುವವರ ಕಡೆಯಿಂದ ಮಾತಾಡಿದವರು ಆ ಸಭೆಯಲ್ಲಿ ಯಾರಿದ್ದರೋ.

ಕೆಂಗೇರಿ ಇರುವುದು ಯಶವಂತಪುರ ಕ್ಷೇತ್ರದಲ್ಲಿ. ಅಲ್ಲಿನ ಮತದಾರರು ಗುಂಡ್ಲುಪೇಟೆಯ ಎರಡು ಪಟ್ಟಿಗಿಂತಲೂ ಹೆಚ್ಚು. ಅಂದರೆ ಓಟು ವರ್ಗಾಯಿಸಿದ ಗಳಿಗೆಯೇ ಅದರ ತೂಕ ಅರ್ಧಕ್ಕಿಂತ ಕಡಿಮೆ. ಇದೂ ನನ್ನ ಲೆಕ್ಕದಲ್ಲಿತ್ತು. ಇನ್ನೊಂದು ಕಡೆ, ನಾನು ಕುಡಿಯುವ ನೀರು, ಓಡಾಡುವ ರಸ್ತೆ, ನಾಳೆ ಮಗು ಆದರೆ ಅದು ಹೋಗುವ ಶಾಲೆ, ಯಾವುದೂ ಗುಂಡ್ಲುಪೇಟೆ ಶಾಸಕರ ಕೈಯಲ್ಲಿಲ್ಲ. ನಾನು ಐದು ವರ್ಷಕ್ಕೊಮ್ಮೆ ಹೋಗಿ ಒತ್ತಿ ಬರುವ ಓಟಿನ ಫಲ ಉಣ್ಣುವವರು ಅಪ್ಪ, ಅವ್ವ. ಅವರ ಪರವಾಗಿ ನಾನು ಹಾಕುತ್ತಿದ್ದೇನಾ, ಅಥವಾ ಅವರ ಊರಿನ ವಿಷಯದಲ್ಲಿ ಹೊರಗಿನವಳಾಗಿ ಕೈ ಹಾಕುತ್ತಿದ್ದೇನಾ? ನಮ್ಮ ಬೀದಿಯಲ್ಲಿ ಅಲ್ಲೇ ಇದ್ದು, ಅಲ್ಲಿಯದೇ ಕಷ್ಟ ಉಣ್ಣುವ ನನ್ನ ಓರಗೆಯ ಹೆಂಗಸರು ಇದ್ದಾರೆ. ಅವರು ಒಂದು ಗುಂಡಿ ಒತ್ತಿ ನಾನು ಇನ್ನೊಂದು ಒತ್ತಿದರೆ, ಅವರದನ್ನು ನಾನು ಅಳಿಸಿ ಬಸ್ಸು ಹತ್ತಿದ ಹಾಗೆ ತಾನೆ?

ಈ ಪ್ರಶ್ನೆ ಬಂದ ಮೇಲೆ ನನಗೆ ತೂಕದ ಲೆಕ್ಕ ಅಷ್ಟು ಮುಖ್ಯ ಅನ್ನಿಸಲಿಲ್ಲ. ಕಳೆದ ತಿಂಗಳು ಫಾರಂ 8 ತುಂಬಿದೆ. ವಿಳಾಸ ಬದಲಾವಣೆಗೆ ಅದೇ ಫಾರಂ, ಹೊಸದಾಗಿ ಸೇರುವವರಿಗೆ ಫಾರಂ 6. ಗಂಡ ಹೇಳಿದ ಹಾಗೆ ಹತ್ತು ನಿಮಿಷದ ಕೆಲಸವೇ, ಬಾಡಿಗೆ ಕರಾರು ಪತ್ರದ ಫೋಟೋ ಸರಿಯಾಗಿ ಬಂದರೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಚೆಂಡು ಹೂವಿಗೆ ಈ ಸಲ ಎಷ್ಟು ರೇಟು ಬಂತು, ಕೆರೆಗೆ ಕಬಿನಿ ನೀರು ಎಲ್ಲಿಯವರೆಗೆ ಬಂದಿದೆ ಅಂತೆಲ್ಲಾ ಹೇಳಿ, ಕೊನೆಗೆ ಕೇಳಿದರು. "ನಿಂಗೆ ಅಲ್ಲಿ ಎಮ್ಮೆಲ್ಲೆ ಮನೆ ಎಲ್ಲದೆ ಅಂತ ಗೊತ್ತೇನವ್ವ?"

ಗೊತ್ತಿರಲಿಲ್ಲ. ಬರುವ ಭಾನುವಾರ ನಮ್ಮ ಲೇಔಟಿನ ನಿವಾಸಿಗಳ ಸಭೆ ಇದೆ. ಮೂರು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ. ಚರಂಡಿ ವಿಷಯವೇ ಇದೆಯಂತೆ.